ಅಪ್ಪನ ಸೈಕಲ್, ನಾಲ್ಕನೆಯ ತಿಂಗಳು: ಕೀ, ಸ್ಪ್ಯಾನರ್, ಸುತ್ತಿಗೆ

ಈ ತಿಂಗಳು ಎರಡೂ ಚಕ್ರಗಳ ಬೆಂಡ್ ತೆಗೆದು ಮುಗಿಸಬೇಕೆಂದು ಬರೆದುಕೊಂಡಿದ್ದೆ. ಮುಂದಿನ ಚಕ್ರ ಮುಗಿದಿದೆ, ಹಿಂದಿನದು ಅರ್ಧಕ್ಕೆ ನಿಂತಿದೆ. ಸೈಕಲ್ ಹಳೆಯದೆಂದು ಆದ ತಡವಲ್ಲ ಇದು. ಅಗ್ಗಕ್ಕೆ ಸಿಕ್ಕಿತೆಂದು ಮೊದಲು ಕೊಂಡ ಹತಾರಗಳು ಮಾಡಿದ ಹಾನಿಯನ್ನು ಸರಿಪಡಿಸುವುದಕ್ಕೇ ಮೂರು ಭಾನುವಾರಗಳು ಹೋದವು. ಹಾಗಾಗಿ ಈ ಸಲ ಸೈಕಲ್ಲಿಗಿಂತ ಹತಾರಗಳ ಮಾತೇ ಹೆಚ್ಚು.

ಮೊದಲ ಬಾರಿ ಓದುತ್ತಿರುವವರಿಗೆ ಎರಡು ಮಾತು. ಇದು ಅಪ್ಪ ಮೈಸೂರಿನಲ್ಲಿ ಇಪ್ಪತ್ತು ವರ್ಷ ಕೆಲಸಕ್ಕೆ ಹೋಗಿಬಂದ ದೊಡ್ಡ ಕಪ್ಪು ಸೈಕಲ್. 24 ಇಂಚಿನ ಫ್ರೇಮು, ರಾಡ್ ಬ್ರೇಕು, 28 × 1½ ಟೈರು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಅಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಶೀಟಿನ ಕೆಳಗೆ ನಿಂತೇ ಇತ್ತು. ಬಣ್ಣ ಬಳಿದು ಮನೆಯ ಮುಂದೆ ಅಲಂಕಾರಕ್ಕೆ ನಿಲ್ಲಿಸುವ ಆಸೆ ನನಗಿಲ್ಲ. ಇದನ್ನು ತುಳಿದುಕೊಂಡು ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬರಬೇಕು, ಅಷ್ಟೇ.

ನಿಪ್ಪಲ್ ಕೀಯಿಂದ, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟನ್ನು (ನಿಪ್ಪಲ್) ತಿರುಗಿಸುವ ಕೀಯಿಂದ ಶುರುಮಾಡುತ್ತೇನೆ, ಹೆಚ್ಚು ಪೆಟ್ಟು ಬಿದ್ದದ್ದು ಅಲ್ಲಿಯೇ. ನಾನು ಮೊದಲು ತಂದದ್ದು ಬಿಲ್ಲೆಯಂತೆ ದುಂಡಗಿದ್ದು ಸುತ್ತಲೂ ಬೇರೆ ಬೇರೆ ಅಳತೆಯ ಕಚ್ಚುಗಳಿರುವ ಕೀ. ಅರವತ್ತು ರೂಪಾಯಿ. ಎಲ್ಲ ಸೈಕಲ್ಲಿಗೂ ಆಗುತ್ತದೆ ಎಂದರು, ತೆಗೆದುಕೊಂಡೆ. ಹಿಂದಿನ ಚಕ್ರದ ಮೊದಲ ಎರಡು ನಿಪ್ಪಲ್ಲುಗಳು ತಿರುಗಿದವು. ಮೂರನೆಯದು ಸ್ವಲ್ಪ ಬಿಗಿ ಇತ್ತು, ಒತ್ತಿ ತಿರುಗಿಸಿದೆ. ಕೈಗೆ ತಿರುಗಿದಂತೆಯೇ ಅನ್ನಿಸಿತು, ಆದರೆ ರಿಮ್ಮು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಟಾರ್ಚ್ ಹಿಡಿದು ನೋಡಿದಾಗ ನಿಪ್ಪಲ್ಲಿನ ನಾಲ್ಕು ಮೂಲೆಗಳೂ ಸವೆದು ದುಂಡಗಾಗಿದ್ದವು. ಮೇಲಿನ ಬಿಳಿ ಲೇಪ ಎದ್ದುಹೋಗಿ ಒಳಗಿನ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿತ್ತು. ಬಲವಿದ್ದರೆ ಸಾಕೆಂಬ ಭ್ರಮೆಯಲ್ಲಿ ಇನ್ನೂ ಮೂರನ್ನು ಹಾಗೆಯೇ ಕೆಡಿಸಿದೆ.

ಆಮೇಲೆ ವರ್ನಿಯರ್ ಹಿಡಿದು ಅಳೆದೆ. ನಿಪ್ಪಲ್ 3.45 ಮಿ.ಮೀ., ಕೀಯ ಕಚ್ಚು 3.8. ಮೂರೂವರೆ ಮಿಲಿಮೀಟರಿನ ಹಿತ್ತಾಳೆಯ ತುಂಡಿಗೆ ಇಷ್ಟು ಸಡಿಲವೆಂದರೆ ಬಹಳವಾಯಿತು. ಕೀ ಸರಿಯಾಗಿ ಕೂತರೆ ಬಲವೆಲ್ಲ ನಿಪ್ಪಲ್ಲಿನ ಸಮತಟ್ಟಾದ ಮೈಗೆ ಹಂಚಿಹೋಗುತ್ತದೆ. ಸಡಿಲವಿದ್ದರೆ ಎರಡು ಮೂಲೆಗಳ ಮೇಲೆಯೇ ಬೀಳುತ್ತದೆ. ಹಿತ್ತಾಳೆ ಮೆದು, ಉಕ್ಕು ಅದನ್ನು ಕೆರೆದುಬಿಡುತ್ತದೆ. ಸಾಮಾನ್ಯವಾಗಿ ಸಿಗುವ ನಿಪ್ಪಲ್ಲುಗಳು 3.23, 3.30, 3.45 ಎಂಬ ಮೂರು ಅಳತೆಯವು. ಒಂದಕ್ಕೊಂದು ಅಂತರ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ಸೈಕಲ್ ಹತಾರ ಮಾಡುವ ಅಮೆರಿಕದ ಪಾರ್ಕ್ ಟೂಲ್‌ನವರು ಇವಕ್ಕೆ ಕಪ್ಪು, ಹಸಿರು, ಕೆಂಪು ಹಿಡಿಕೆಗಳ ಮೂರು ಬೇರೆ ಕೀಗಳನ್ನೇ ಮಾಡುತ್ತಾರೆ. ನನಗೆ ಬೇಕಾದದ್ದು ಕೆಂಪು. ಮೊದಲ ಕೀಯ ಹತ್ತು ಪಟ್ಟಿಗಿಂತ ಹೆಚ್ಚು ಬೆಲೆ ಕೊಟ್ಟೆ. ಅದನ್ನು ನಿಪ್ಪಲ್ಲಿಗೆ ತೊಡಿಸಿ ಕೈಬಿಟ್ಟರೆ ಅಲ್ಲಾಡದೆ ಹಾಗೆಯೇ ನಿಲ್ಲುತ್ತದೆ. ಮುಂದಿನ ಚಕ್ರದ 32 ಕಡ್ಡಿಗಳನ್ನು ಒಂದೇ ಒಂದು ನಿಪ್ಪಲ್ ಕೆಡದಂತೆ ಬಿಗಿ ಮಾಡಿ ಮುಗಿಸಿದ್ದು ಅದರಲ್ಲಿಯೇ.

ಕೆಟ್ಟ ನಾಲ್ಕು ನಿಪ್ಪಲ್ಲುಗಳನ್ನು ಬಿಚ್ಚಿದ ಬಗೆ ಯಾರಿಗಾದರೂ ಬೇಕಾದೀತು. ಟೈರು, ಟ್ಯೂಬು, ರಿಮ್ ಟೇಪು ತೆಗೆದರೆ ನಿಪ್ಪಲ್ಲಿನ ತಲೆ ರಿಮ್ಮಿನ ಒಳಗಡೆಯಿಂದ ಕಾಣುತ್ತದೆ. ಅದರಲ್ಲಿ ಸ್ಕ್ರೂವಿನಂತೆ ಒಂದು ಗೀಟು ಇರುತ್ತದೆ. ಎರಡು ದಿನ ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಗೀಟಿಗೆ ಸರಿಹೊಂದುವ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದೆ. ಮೂರು ಬಂದವು. ನಾಲ್ಕನೆಯದನ್ನು ಕಡ್ಡಿಯ ಸಮೇತ ಕತ್ತರಿಸಬೇಕಾಯಿತು.

ಇನ್ನು ಸ್ಪ್ಯಾನರ್. ಅಪ್ಪನ ಸೀಟಿನ ಹಿಂದಿನ ಚರ್ಮದ ಚೀಲದಲ್ಲಿ ಡಂಬೆಲ್ ಸ್ಪ್ಯಾನರ್ ಸಿಕ್ಕಿತು. ಎರಡೂ ತುದಿಗೆ ಉಂಡೆ, ಉಂಡೆಯ ಸುತ್ತಲೂ ಹಲವು ಅಳತೆಯ ಕುಣಿಗಳು. ಎರಡು ಕುಣಿಗಳು ಮಾತ್ರ ಸವೆದು ನುಣುಪಾಗಿದ್ದವು, ಉಳಿದವುಗಳ ಬಣ್ಣವೂ ಹೋಗಿರಲಿಲ್ಲ. ಅಪ್ಪ ಯಾವ ನಟ್ಟುಗಳನ್ನು ಬಿಚ್ಚುತ್ತಿದ್ದರೆಂಬುದು ಅದರಲ್ಲಿ ಅಚ್ಚೊತ್ತಿದಂತಿತ್ತು. ಅದನ್ನು ತೊಳೆದು, ಎಣ್ಣೆ ಸವರಿ, ಅದೇ ಚೀಲದಲ್ಲಿ ಇಟ್ಟಿದ್ದೇನೆ. ಆದರೆ ಅದರಿಂದ ಕೆಲಸ ಮಾಡುವುದಿಲ್ಲ. ಹಿಂದಿನ ಆಕ್ಸಲ್ಲಿನ ನಟ್ಟಿನ ಮೂಲೆಗಳು ಸವೆದಿರುವುದು ಆ ಸಡಿಲ ಕುಣಿಯಿಂದಲೇ.

ಆ ನಟ್ಟಿಗೆ 14ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 15ರದು ಜಾರುತ್ತದೆ. ನಟ್ಟು ಹಾಳಾಗಿರಬೇಕೆಂದು ಒಂದು ವಾರ ತಲೆಕೆಡಿಸಿಕೊಂಡೆ. ನಮ್ಮ ಬೀದಿಯ ಸೈಕಲ್ ಶಾಪಿನ ಯಜಮಾನರು ಕೈಯಲ್ಲಿ ಹಿಡಿದು ನೋಡಿಯೇ ಹೇಳಿದರು: "ಇದು ಮಿಲಿಮೀಟರ್ ಅಲ್ಲ ತಮ್ಮಾ, ಇಂಚು. ಒಂಬತ್ತು-ಹದಿನಾರನೆಯದು ತೆಗೆದುಕೊಂಡು ಬಾ." 9/16 ಇಂಚು ಎಂದರೆ 14.29 ಮಿ.ಮೀ. ಎಷ್ಟೇ ಒಳ್ಳೆಯ ಕಂಪನಿಯದಾದರೂ 15ರ ಸ್ಪ್ಯಾನರ್ ಇಲ್ಲಿ ಕೆಟ್ಟ ಹತಾರವೇ. ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಹುಡುಕಿ, ಇಂಚಿನ ಲೆಕ್ಕದ ತಪಾರಿಯಾ ರಿಂಗ್ ಸ್ಪ್ಯಾನರ್ ತಂದೆ. ವಿದೇಶದ್ದೇ ಬೇಕೆಂದೇನೂ ಇಲ್ಲ, ನಮ್ಮಲ್ಲಿಯೇ ಸಿಗುವ ಈ ಸ್ಪ್ಯಾನರುಗಳ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದೆ. ಹಣ ಹೆಚ್ಚು ಹಾಕಬೇಕಾದದ್ದು ಸೈಕಲ್ಲಿಗೆಂದೇ ಮಾಡುವ ಹತಾರಗಳಿಗೆ: ನಿಪ್ಪಲ್ ಕೀ, ಮತ್ತು ಹಬ್ಬಿನ (ಚಕ್ರದ ನಡುಭಾಗದ) ಕೋನ್ ಎಂಬ ನಟ್ಟನ್ನು ಹಿಡಿಯುವ ತೆಳು ಸ್ಪ್ಯಾನರ್. ಎರಡು ಮಿಲಿಮೀಟರ್ ದಪ್ಪದ ತಗಡು ನಟ್ಟಿನ ಬಿಗಿಯನ್ನು ತಡೆಯಬೇಕು. ನನ್ನ ಮೊದಲ ಕೋನ್ ಸ್ಪ್ಯಾನರ್ ಎರಡನೆಯ ದಿನವೇ ಬಾಯಿ ಅಗಲಿಸಿಕೊಂಡಿತು.

ಪೆಡಲ್ಲಿನ ತೋಳನ್ನು (ಕ್ರ್ಯಾಂಕ್) ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನಿನ ವಿಷಯದಲ್ಲಿ ನನ್ನ ತಪ್ಪಿಲ್ಲ, ಆದರೆ ನಷ್ಟ ನನ್ನದೇ. ಬಿ.ಬಿ. (ಬಾಟಮ್ ಬ್ರಾಕೆಟ್, ಆ ಆಕ್ಸಲ್ ತಿರುಗುವ ಜಾಗ) ಬಿಚ್ಚಿದಾಗ ಬಲಗಡೆಯ ಬಟ್ಟಲಿನಂಥ ಕಪ್ಪಿನೊಳಗೆ ಗುಂಡುಗಳು ಕೂರುವ ಜಾಗದಲ್ಲಿ ಒಂದೇ ಅಂತರಕ್ಕೆ ಸಣ್ಣ ಕುಳಿಗಳು ಸಾಲಾಗಿದ್ದವು. ಹಿಂದೆ ಯಾರೋ ಕ್ರ್ಯಾಂಕಿಗೆ ಆಸರೆ ಕೊಡದೆ ಪಿನ್ನನ್ನು ಬಡಿದಿದ್ದಾರೆ. ಆ ಏಟು ಆಕ್ಸಲ್ಲಿನ ಮೂಲಕ ಗುಂಡುಗಳಿಗೆ, ಗುಂಡುಗಳಿಂದ ಕಪ್ಪಿಗೆ ಇಳಿದಿದೆ. ನಾನು ಬಿಚ್ಚುವಾಗ ಕ್ರ್ಯಾಂಕಿನ ಕೆಳಗೆ ಪಿನ್ನಿನ ತಲೆ ತೂರುವಷ್ಟು ಅಗಲದ ಕಬ್ಬಿಣದ ಪೈಪನ್ನು, ನೆಲಕ್ಕೆ ಸರಿಯಾಗಿ ಮುಟ್ಟುವಂತೆ ಕತ್ತರಿಸಿ ನಿಲ್ಲಿಸಿದೆ. ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಸಡಿಲಿಸಿ, ಒಂದು ಕೆ.ಜಿ. ಸುತ್ತಿಗೆಯಲ್ಲಿ ಒಂದೇ ಏಟು. ಎಡಗಡೆಯದು ಅಷ್ಟಕ್ಕೇ ಬಂತು, ಬಲಗಡೆಯದಕ್ಕೆ ಎರಡು ಏಟು ಬೇಕಾಯಿತು. ಚಿಕ್ಕ ಸುತ್ತಿಗೆಯಲ್ಲಿ ಇಪ್ಪತ್ತು ಸಲ ಬಡಿದಿದ್ದರೆ ಪಿನ್ನಿನ ತುದಿ ಅಣಬೆಯಂತೆ ಅಗಲವಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಎಲ್ಲದಕ್ಕೂ ದುಡ್ಡು ಸುರಿಯಬೇಕಿಲ್ಲ. ಚಕ್ರ ತೂಗುಹಾಕಲು ಸ್ಟ್ಯಾಂಡ್ ಕೊಳ್ಳಲಿಲ್ಲ, ಸೈಕಲ್ಲನ್ನೇ ತಲೆಕೆಳಗಾಗಿ ನಿಲ್ಲಿಸಿ ಫ್ರೇಮಿಗೆ ಬೆಂಕಿಕಡ್ಡಿ ಕಟ್ಟಿ ರಿಮ್ಮಿನ ಓಲಾಟ ನೋಡುತ್ತೇನೆ. ಚೈನು ಸವೆದಿದೆಯೇ ಎಂದು ನೋಡುವ ಗೇಜು ಸಹ ಬೇಕಾಗಲಿಲ್ಲ. ಹೊಸ ಚೈನಿನಲ್ಲಿ 24 ಕೊಂಡಿಗಳಿಗೆ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಸರಿಯಾಗಿ 12 ಇಂಚು ಬರಬೇಕು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದರಿಂದ 1 ಇಂಚಿನ ಗುರುತಿನಿಂದ ಹಿಡಿದು 13ರಲ್ಲಿ ಓದಿದೆ. 13 ದಾಟಿ ಎಂಟನೇ ಒಂದು ಇಂಚಿಗೂ ಮೀರಿತ್ತು. ಚೈನು ಹೋಯಿತು, ಹೊಸದು ತಂದಾಗಿದೆ.

ಕಪ್ಪುಗಳು, ಆಕ್ಸಲ್, ಕಾಲು ಇಂಚಿನ 22 ಗುಂಡುಗಳು ಇನ್ನೂ ಬರಬೇಕು. ಕಾಟರ್ ಪಿನ್ನುಗಳಲ್ಲಿ ಮೆದು ಕಬ್ಬಿಣದವು ಬೇಡವೆಂದು ಶಾಪಿನ ಯಜಮಾನರಿಗೆ ಹೇಳಿ ಬಂದಿದ್ದೇನೆ. ಒಳ್ಳೆಯದು ಸಿಗುವವರೆಗೆ ಕಾಯುತ್ತೇನೆಂದೂ ಹೇಳಿದ್ದೇನೆ. ಹಿಂದಿನ ಚಕ್ರದಲ್ಲಿ 26 ಕಡ್ಡಿಗಳು ಸರಿಯಾಗಿವೆ. ವಾಲ್ವಿನ ತೂತಿನ ಹತ್ತಿರ ಮಾತ್ರ ಇನ್ನೂ ಎರಡು ಮಿಲಿಮೀಟರ್ ಓಲಾಟವಿದೆ. ಉಳಿದ 14 ನಿಪ್ಪಲ್ಲುಗಳ ಬುಡಕ್ಕೆ ಈ ರಾತ್ರಿ ಎಣ್ಣೆ ಬಿಟ್ಟಿದ್ದೇನೆ. ಮಂಗಳವಾರದವರೆಗೆ ನೆನೆಯಲಿ, ಆಮೇಲೆ ಕೆಂಪು ಕೀ.