ಔಂಧದ ಚಿತ್ರಶಾಲೆಗೆ ಮಗಳ ಜೊತೆ

ಜತ್ತ ತಾಲೂಕಿನ ನಮ್ಮ ಕಡೆಯವರಿಗೆ ಸಾತಾರಾ ಜಿಲ್ಲೆಯ ಔಂಧವೆಂದರೆ ಯಮಾಯಿ ದೇವಿಯ ಗುಡ್ಡ. ಕಾಯಿ ಒಡೆಸಿ, ಬುತ್ತಿ ಬಿಚ್ಚಿ ಉಂಡು ಮರಳುವವರೇ ಹೆಚ್ಚು. ಅದೇ ಗುಡ್ಡದಲ್ಲಿರುವ ಶ್ರೀ ಭವಾನಿ ವಸ್ತುಸಂಗ್ರಹಾಲಯವನ್ನು ನೋಡಲೆಂದೇ ಹೋಗೋಣವೆಂದು ಹಟ ಹಿಡಿದವಳು ಪುಣೆಯಲ್ಲಿ ನೌಕರಿ ಮಾಡುವ ನನ್ನ ಮಗಳು. ರಜೆ ಸಿಕ್ಕರೆ ಅವಳ ಓರಗೆಯವರು ಗೋವೆಗೆ ಹೋಗುತ್ತಾರೆ, ಇವಳು ಚಿತ್ರಶಾಲೆ ಹುಡುಕಿಕೊಂಡು ಹೊರಡುತ್ತಾಳೆ. ಇದನ್ನು ನೆರೆಯವರ ಮುಂದೆ ದೂರಿನಂತೆ ಹೇಳಿದರೂ ತಾಯಿಯಾದ ನನಗೆ ಒಳಗೊಳಗೇ ಹೆಮ್ಮೆ.

ಸ್ವಂತ ವಾಹನವಿದ್ದವರು ವಿಟಾ ಮಾರ್ಗವಾಗಿ ಹೋಗಬಹುದು. ರೈಲಿನವರು ಮಿರಜದಲ್ಲಿ ಪುಣೆ ಕಡೆಯ ಗಾಡಿ ಹತ್ತಿ ರಹಿಮತಪುರದಲ್ಲಿ ಇಳಿಯಬೇಕು. ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ದಾರಿಯಲ್ಲಿ ಕಿರ್ಲೋಸ್ಕರವಾಡಿ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ಕಾರ್ಖಾನೆಗೆ ಜಾಗ ಕೊಟ್ಟವರು ಔಂಧದ ಅರಸರೇ ಎಂದೂ, ಕಿರ್ಲೋಸ್ಕರರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಚಿತ್ರ ಕಲಿಯಲು ಹೋಗಿ, ಬಣ್ಣ ಗುರುತಿಸುವಲ್ಲಿನ ದೋಷದಿಂದಾಗಿ ಯಂತ್ರಗಳ ಕಡೆಗೆ ತಿರುಗಿದರೆಂದೂ ಮಗಳು ಹೇಳುತ್ತಿದ್ದರೆ ಎದುರು ಸೀಟಿನವರೂ ಕಿವಿಗೊಟ್ಟು ಕೇಳಿದರು.

ಸಂಗ್ರಹಾಲಯವನ್ನು 1938ರಲ್ಲಿ ಕಟ್ಟಿಸಿದ ಔಂಧದ ಅರಸ ಭವಾನರಾವ್ ಪಂತ ಪ್ರತಿನಿಧಿಯವರು ಸ್ವತಃ ಚಿತ್ರಕಾರರು. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದವರೂ ಅವರೇ. ರಾಜಾ ರವಿವರ್ಮ, ಧುರಂಧರ ಮುಂತಾದವರ ತೈಲಚಿತ್ರಗಳು ಇಲ್ಲಿವೆ. ತೈಲಚಿತ್ರವನ್ನು ಎದುರಿನಿಂದಷ್ಟೇ ನೋಡಿ ಮುಂದೆ ಸಾಗಬೇಡಿ. ಮಗಳು ನನ್ನನ್ನು ಬೆಳಕು ಹೊಳೆಯದಂತೆ ಓರೆಯಾಗಿ ನಿಲ್ಲಿಸಿ ಸೀರೆಯ ಅಂಚನ್ನು ತೋರಿಸಿದಳು: ಹತ್ತಿರದಿಂದ ಅದು ಹಳದಿ, ಬಿಳಿ ಬಣ್ಣದ ಒರಟು ಗೀಟುಗಳು ಮಾತ್ರ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜರಿ. ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಕಡೆದ ತಾಯಿ-ಮಗುವಿನ ಕಲ್ಲಿನ ಶಿಲ್ಪವೂ ಈ ಸಣ್ಣ ಊರಿಗೆ ಬಂದು ಸೇರಿದೆ. ಮೂಗು, ಕಣ್ಣು ತಿದ್ದಿ ತೀಡಿದ ಮೂರ್ತಿಗಳನ್ನೇ ಕಂಡ ನಮಗೆ ಅದು ಮೊದಲ ನೋಟಕ್ಕೆ ಹಿಡಿಸುವುದು ಕಷ್ಟ. ಅವಸರ ಮಾಡದೆ ಸುತ್ತ ಒಮ್ಮೆ ನಡೆದು ನೋಡಿ. ಅಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಗುಡ್ಡದ ತುದಿಯ ದೇವಸ್ಥಾನಕ್ಕೆ ಮೊದಲು ಹತ್ತಿದರೆ ಕಾಲು ಸೋತು ಚಿತ್ರಗಳ ಮುಂದೆ ನಿಲ್ಲಲಾಗುವುದಿಲ್ಲ; ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಸಂಗ್ರಹಾಲಯ ನೋಡಿ, ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳುವುದು ಲೇಸು. ಸೋಮವಾರವನ್ನೂ ಸರ್ಕಾರಿ ರಜೆಗಳನ್ನೂ ತಪ್ಪಿಸಿ. ಫೋಟೋ ತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿರಲಿ. ಮರಳುವ ಕೊನೆಯ ಎಸ್‌ಟಿ ಬಸ್ಸಿನ ವೇಳೆಯನ್ನು ಊರಲ್ಲಿ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ಇಂಥ ಮಕ್ಕಳನ್ನು ಒಳಗಿನಿಂದ ಹೊರಡಿಸುವುದು ಸುಲಭವಲ್ಲ.