ಓಲೆಗರಿಗೆ ಫ್ಲ್ಯಾಶ್ ಬೇಡ, ವಾಟರ್‌ಮಾರ್ಕೂ ಬೇಡ

ವಿಜಯಪುರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಆಷಾಢದಲ್ಲಿ ಮದುವೆಗಳಿರಲ್ಲ. ಆಗ ಸುತ್ತಲಿನ ಊರುಗಳಿಗೆ ಹೋಗಿ, ಮನೆ-ಮಠಗಳಲ್ಲಿರುವ ಓಲೆಗರಿ ಕಟ್ಟುಗಳ ಫೋಟೊ ತೆಗೆಯುತ್ತೇನೆ. ದುಡ್ಡು ತಗೊಳ್ಳಲ್ಲ. ಒಂದೇ ಷರತ್ತು: ಆ ಫೋಟೊಗಳು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗಬೇಕು.

ಜನ ಹಿಂದೆಮುಂದೆ ನೋಡುವುದು ಇದಕ್ಕೇ. ಕಟ್ಟು ಇರುವುದು ದೇವರ ಜಗಲಿ ಮೇಲೆ, ಕೆಂಪು ಬಟ್ಟೆಯಲ್ಲಿ. ನವರಾತ್ರಿಯ ಖಂಡೆ ಪೂಜೆಗೆ ವಿಭೂತಿ ಹಚ್ಚುತ್ತಾರೆ, ಬಿಚ್ಚುವವರಿಲ್ಲ. ಇಂಡಿ ಕಡೆಯ ಒಂದು ಮನೆಯಲ್ಲಿ ಆಯಿ ಕೇಳಿದರು, "ಯಪ್ಪಾ, ಎಲ್ಲಾ ಫೋನಿನ್ಯಾಗ ಹಾಕಿದ್ರ ನಮ್ಮ ಮನ್ಯಾಗ ಏನ್ ಉಳಿತೈತಿ?"

"ಗರಿ ನಿಮ್ಮ ಜಗಲಿ ಮ್ಯಾಲೇ ಇರ್ತೈತ್ರಿ ಆಯೀ. ಹೊಸ್ತಿಲಾ ದಾಟಂಗಿಲ್ಲ," ಅಂದೆ. ಪಡಸಾಲೆಯಲ್ಲೇ ಕೂತು ತೆಗೆಯಲು ಒಪ್ಪಿದರು.

ಗರಿಯ ಮೇಲಿನ ಅಕ್ಷರ ಕಂಟದಿಂದ, ಅಂದರೆ ಚೂಪು ಮೊನೆಯ ಕಬ್ಬಿಣದ ಲೇಖನಿಯಿಂದ ಕೊರೆದದ್ದು. ಕೊರೆದ ಮೇಲೆ ಕಾಡಿಗೆ ತಿಕ್ಕುತ್ತಿದ್ದರು. ಆ ಕಪ್ಪು ಹೋದರೆ ಗರಿ ಖಾಲಿ ಕಾಣುತ್ತದೆ. ಫ್ಲ್ಯಾಶ್ ಹೊಡೆದರೆ ಇನ್ನೂ ಖಾಲಿ. ಎಲ್‌ಇಡಿ ಲೈಟನ್ನು ಗರಿಯ ಮಟ್ಟಕ್ಕೆ ಇಳಿಸಿ ಒಂದೇ ಬದಿಯಿಂದ ಹಾಯಿಸಿ ನೋಡಿ. ಕೊರೆದ ಗೆರೆಯಲ್ಲಿ ಸಣ್ಣ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ! ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಎರಡೂ ಬದಿ, ದಾರದ ತೂತು, ಮುರಿದ ಅಂಚು ಎಲ್ಲ ಬರಲಿ. ಗರಿಗಳು ಹಿಂದುಮುಂದಾಗಿದ್ದರೆ ಜೋಡಿಸಲು ಹೋಗಬೇಡಿ, ಇದ್ದ ಹಾಗೇ ತೆಗೆಯಿರಿ. ಅಂಟಿಕೊಂಡ ಗರಿಯನ್ನಂತೂ ಮುಟ್ಟಲೇಬೇಡಿ, ಅದು ಬಲ್ಲವರ ಕೆಲಸ.

ಫೋಟೊ ತೆಗೆದು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಏನು ಬಂತು? ನಮ್ಮೂರಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ಕಟ್ಟು ಕೂಡಿಸಿದರು. ಕಪಾಟಿನಲ್ಲಿಟ್ಟು ಸುಮ್ನೆ ಕೂರಲಿಲ್ಲ. 1925ರಲ್ಲಿ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಅಚ್ಚು ಮಾಡಿ ಜನರ ಕೈಗೆ ಕೊಟ್ಟರು. ಇವತ್ತು 'ವಚನ ಸಂಚಯ' ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಯಾರು ಬೇಕಾದರೂ ಪದ ಹಾಕಿ ಹುಡುಕಬಹುದು, ಅದೂ ಪುಕ್ಕಟೆ.

ಹಾಗೆ ಹುಡುಕಲು ಬರೀ ಫೋಟೊ ಸಾಲದು, ಯಾರಾದರೂ ಓದಿ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಓದುವುದೇ ಕಷ್ಟ. ಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರಲ್ಲ. 'ಕೆ' ಮತ್ತು 'ಕೇ' ಒಂದೇ ಥರ ಬರೆದಿರುತ್ತಾರೆ. ಅದನ್ನು ಬಿಡಿಸಿ ಓದಬಲ್ಲವರು ಧಾರವಾಡದಲ್ಲೋ ಮೈಸೂರಲ್ಲೋ ಇರುತ್ತಾರೆ, ನಮ್ಮ ಪಡಸಾಲೆಗೆ ಬರಲಾರರು. ಫೋಟೊನೇ ಅವರ ಹತ್ತಿರ ಹೋಗಬೇಕು ಅಲ್ವಾ? ಅದಕ್ಕೇ ನಾನು ಪೂರ್ತಿ ಸೈಜಿನ ಫೈಲನ್ನೇ ಹಾಕುತ್ತೇನೆ. ನನ್ನ ಸ್ಟುಡಿಯೊ ಹೆಸರಿನ ವಾಟರ್‌ಮಾರ್ಕನ್ನೂ ಫೋಟೊ ಮೇಲೆ ಅಡ್ಡ ಹಾಕಲ್ಲ. ಅದರ ಕೆಳಗೆ ಒಂದು ಅಕ್ಷರ ಮುಚ್ಚಿಹೋದರೂ ಓದುವವರಿಗೆ ಸಾಲೇ ಕೆಡುತ್ತದೆ.

ಇನ್ನೊಂದು ವಿಷಯ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ತೀರಿದ ಮೇಲೆ ಕೃತಿಸ್ವಾಮ್ಯ ಇರುವುದು 60 ವರ್ಷ. ಅಂದರೆ ಅವರು ಬದುಕಿದ್ದಾಗ ಬರೆದು ಪ್ರಕಟಿಸಿದ ಪುಸ್ತಕಗಳು 2025ರ ಜನವರಿ 1ರಿಂದ ಎಲ್ಲರವೂ ಆಗಿವೆ. ಅವರ ಪ್ರೆಸ್ಸಿನಲ್ಲಿ ಅಚ್ಚಾದ ಹಳೆ ಪ್ರತಿಗಳು ನಿಮ್ಮ ಅಟ್ಟದ ಮೇಲಿದ್ದರೆ ತಿಳಿಸಿ. ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ. ಬಾಗಲಕೋಟೆಯಾದರೂ ಸರಿ, ಕ್ಯಾಮೆರಾ-ಲೈಟು ತಗೊಂಡು ನಾನೇ ಬರುತ್ತೇನೆ.