ಒತ್ತಕ್ಷರ ಮೇಷ್ಟ್ರು ಮತ್ತು ನನ್ನ ಬೇರಿಂಗ್ ಗಾಡಿ

ಮೇಷ್ಟ್ರು ಹೋದ ಸುದ್ದಿ ಬಂದಾಗ ನಾನು ಒಂದು ಸ್ಕೇಟ್‌ಬೋರ್ಡಿನ ಹೊಟ್ಟೆಗೆ ಬಣ್ಣ ಹಚ್ಚುತ್ತಿದ್ದೆ. ನಮ್ಮ ಬ್ಯಾಚಿನ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ 'ಒತ್ತಕ್ಷರ ಇನ್ನಿಲ್ಲ' ಎಂದು ಹಾಕಿದ್ದರು. ಹೊರಗಿನವರು ನೋಡಿದ್ದರೆ ಕನ್ನಡ ವರ್ಣಮಾಲೆಗೇ ಏನೋ ಆಯಿತು ಅಂದುಕೊಳ್ಳುತ್ತಿದ್ದರು.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ನಮಗೆ ಮಾತ್ರ ಒತ್ತಕ್ಷರ ಮೇಷ್ಟ್ರು. ನಮ್ಮ ಆರ್ಟ್ ಕಾಲೇಜಿನಲ್ಲಿ ಲೆಟರಿಂಗ್, ಅಂದರೆ ಅಕ್ಷರ ಬರೆಯುವ ಕಲೆ, ಕಲಿಸುತ್ತಿದ್ದರು. ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನಿನ ಬದಲು ಚಪ್ಪಟೆ ಬ್ರಷ್ಷು. ಜೇಬಿನ ತಳದಲ್ಲಿ ಯಾವತ್ತೂ ಒಂದು ಕಪ್ಪು ಕಲೆ. ಭಾನುವಾರ ಬೆಳಗ್ಗೆ ನಮ್ಮನ್ನು ಬೆಂಗಳೂರಿನ ಅವೆನ್ಯೂ ರಸ್ತೆಗೆ, ಬಳೇಪೇಟೆಗೆ ಎಳೆದುಕೊಂಡು ಹೋಗುತ್ತಿದ್ದರು. ಶಟರ್ ಎಳೆದಿದ್ದಾಗಲೇ ಅಂಗಡಿ ಬೋರ್ಡು ಚೆನ್ನಾಗಿ ಕಾಣೋದು ಅನ್ನುವುದು ಅವರ ವಾದ. 'ಸ್ಟೋರ್ಸ್' ಅನ್ನುವ ಒಂದೇ ಪದದ ಮುಂದೆ ಹತ್ತು ನಿಮಿಷ ನಿಲ್ಲಿಸಿದ್ದು ನೆನಪಿದೆ. ಒಂದು ಕಡೆ ಟ ಒತ್ತು, ಇನ್ನೊಂದು ಕಡೆ ಅರ್ಕಾವತ್ತು. ಎರಡೂ ಜಗಳವಾಡದ ಹಾಗೆ ಆ ಪೇಂಟರ್ ಹೇಗೆ ಜಾಗ ಮಾಡಿಕೊಟ್ಟಿದ್ದಾನೆ ನೋಡಿ ಅನ್ನುತ್ತಿದ್ದರು. ಆಮೇಲೆ ಕೆ.ಜಿ. ರಸ್ತೆಯ ಸಿನಿಮಾ ಕಟೌಟುಗಳು. "ಹೀರೋ ಮುಖ ಬಿಡ್ರೋ. ಆ ಹೆಸರು ಬರೆಯೋಕೆ ಏಣಿ ಎಷ್ಟು ಸಲ ಹತ್ತಿ ಇಳಿದಿರಬೇಕು, ಅದು ಹೇಳಿ."

ಉಳಿದ ಸಿಲಬಸ್ ಏನಿತ್ತೋ ದೇವರಾಣೆಗೂ ನೆನಪಿಲ್ಲ. ಕಲಾ ಇತಿಹಾಸದ ಮೇಡಂ ಕತ್ತಲೆ ಕೋಣೆಯಲ್ಲಿ ಸ್ಲೈಡ್ ಹಾಕುತ್ತಿದ್ದರು, ನಾವು ಮಲಗುತ್ತಿದ್ದೆವು. ಎಚ್ಚರವಿದ್ದ ಒಂದು ದಿನ ಕೆ.ಕೆ. ಹೆಬ್ಬಾರರ ರೇಖಾಚಿತ್ರ ಬಂತು. ನಾಲ್ಕೈದು ಗೆರೆಗಳಲ್ಲಿ ಒಬ್ಬಳು ಕುಣಿಯುತ್ತಿದ್ದಳು. ಆ ಮೇಡಂ ಋಣ ಅಷ್ಟಕ್ಕೇ ಇದೆ ನನ್ನ ಮೇಲೆ.

1997ರಲ್ಲಿ, ಎರಡನೇ ವರ್ಷದಲ್ಲಿದ್ದಾಗ, ಫುಟ್‌ಪಾತಿನಲ್ಲಿ 15 ರೂಪಾಯಿಗೆ ರಕ್ಷಾಪುಟ ಕಿತ್ತುಹೋದ ಅಮೆರಿಕದ ಪತ್ರಿಕೆಯೊಂದು ಸಿಕ್ಕಿತು. ಒಳಗೆ ನೀಲಿ ಬಣ್ಣದ ಒಂದು ಕೈ. ಅಂಗೈಯಲ್ಲೇ ಬಾಯಿ, ಆ ಬಾಯಿ ಕಿರುಚುತ್ತಿತ್ತು. ಅದು ಜಿಮ್ ಫಿಲಿಪ್ಸ್ 1985ರಲ್ಲಿ ಸಾಂತಾ ಕ್ರೂಜ್ ಸ್ಕೇಟ್‌ಬೋರ್ಡ್ ಕಂಪನಿಗೆ ಬರೆದ ಚಿತ್ರ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. 1976-77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರ ಬಿದ್ದು ಮನೆಮನೆಯ ಈಜುಕೊಳ ಖಾಲಿಯಾದಾಗ ಹುಡುಗರು ಬೇಲಿ ಹಾರಿ ಅದರೊಳಗೆ ಹಲಗೆ ಓಡಿಸಿದರಂತೆ. ನಮ್ಮೂರಲ್ಲಿ ಬರ ಬಿದ್ದರೆ ಕೆರೆಯೊಳಗೆ ಕ್ರಿಕೆಟ್ ಆಡ್ತಿದ್ದೆವಲ್ಲ, ಅದೇ ಜಾತಿ. ನನಗೆ ಹಿಡಿಸಿದ್ದು ಇನ್ನೊಂದು. ಚಿತ್ರ ಇರುವುದು ಹಲಗೆಯ ಅಡಿಗೆ. ಓಡಿಸುವವನಿಗೆ ಕಾಣುವುದಿಲ್ಲ. ಕಟ್ಟೆ, ಕಂಬಿಗೆಲ್ಲ ಉಜ್ಜಿ ಉಜ್ಜಿ ಅಳಿಸಿಯೂ ಹೋಗುತ್ತದೆ. ಆದರೂ ಅಷ್ಟು ಶ್ರದ್ಧೆಯಿಂದ ಬರೆಯುತ್ತಾರೆ!

ಸ್ಕೇಟ್‌ಬೋರ್ಡ್ ಕೊಳ್ಳುವ ಮಾತೆಲ್ಲಿ ಬಂತು. ಜೆ.ಸಿ. ರಸ್ತೆಯ ಗ್ಯಾರೇಜಿನಿಂದ ಹಳೆಯ ಬಾಲ್ ಬೇರಿಂಗ್ ತಂದು, ನನ್ನ ಡ್ರಾಯಿಂಗ್ ಬೋರ್ಡಿನ ಕೆಳಗೆ ರೀಪರ್ ಪಟ್ಟಿ ಹೊಡೆದು ನಾಲ್ಕು ಮೂಲೆಗೆ ಸಿಕ್ಕಿಸಿದೆವು. ಚಿಕ್ಕಂದಿನ ಬೇರಿಂಗ್ ಗಾಡಿಯೇ, ಅಲ್ವಾ? ಅಡಿಗೆ ಒಂದು ತಲೆಬುರುಡೆ ಬರೆದು, ಸುತ್ತ 'ಸ್ಕೇಟ್ ಮಾಡು, ಸತ್ತೋಗು' ಎಂದು ಎನಾಮೆಲ್‌ನಲ್ಲಿ ಬರೆದೆ. ಅಸಲಿ ಬೋರ್ಡಿಗೆ ಯೂರಿಥೇನ್ ಅನ್ನುವ ರಬ್ಬರಿನಂಥ ಪ್ಲಾಸ್ಟಿಕ್ಕಿನ ಚಕ್ರ ಇರುತ್ತದೆ, ನೆಲ ಹಿಡಿಯುತ್ತದೆ. ಕಬ್ಬಿಣದ ಬೇರಿಂಗ್ ರೆಡ್ ಆಕ್ಸೈಡ್ ನೆಲದಲ್ಲಿ ಏನು ಹಿಡಿಯುತ್ತೆ? ಕಾರಿಡಾರಿನ ಇಳಿಜಾರಿನಲ್ಲಿ ಹೊರಟವನು ಸೀದಾ ಅಚ್ಚುಗೊಂಬೆಗಳ ಕೋಣೆಗೆ ನುಗ್ಗಿದೆ. ಪ್ಲಾಸ್ಟರಿನ ಗ್ರೀಕ್ ಮಹಾಶಯನೊಬ್ಬ ಮೂಗು ಕಳೆದುಕೊಂಡ.

ಸದ್ದಿಗೆ ಒತ್ತಕ್ಷರ ಮೇಷ್ಟ್ರು ಬಂದರು. ಮೂಗು ನೋಡಿದರು. ಮಗುಚಿ ಬಿದ್ದಿದ್ದ ಹಲಗೆ ನೋಡಿದರು. ಕೂತುಕೊಂಡು ಕನ್ನಡಕ ಸರಿಮಾಡಿಕೊಂಡರು.

"ಮೂಗು ನೀನೇ ಅಂಟಿಸ್ತೀಯ. ಈ ಒತ್ತು ಯಾರು ಅಂಟಿಸ್ತಾರೋ?"

'ಸ್ಕೇ'ಗೆ ಜಾಗ ಸಾಲದೆ ಕ ಒತ್ತನ್ನು ನಾನು ಮೂಲೆಯಲ್ಲಿ ಇರುವೆ ಹಾಗೆ ತುರುಕಿದ್ದೆ. ಅವರು ಸೀಮೆಸುಣ್ಣ ತೆಗೆದು ಅದೇ ಕೆಂಪು ನೆಲದ ಮೇಲೆ ಒಂದು ಮೊಳ ಎತ್ತರದ 'ಸ್ಕೇ' ಬರೆದರು. ಮೊದಲು ಒತ್ತು ಬರೆದರು, ಆಮೇಲೆ ಅದರ ಮೇಲೆ ಸ ಕೂರಿಸಿದರು. ಯಾರೂ ಹಾಗೆ ಬರೆದದ್ದನ್ನು ನಾನು ನೋಡಿರಲಿಲ್ಲ. "ಒತ್ತು ಅಂದ್ರೆ ಬಾಲ ಅಲ್ಲ ಕಣೋ. ನಿನ್ನ ಗಾಡಿಗೆ ಚಕ್ರ ಇದ್ದಂಗೆ. ಚಕ್ರ ಸಣ್ಣದಾದ್ರೆ ಏನಾಗುತ್ತೆ ಅಂತ ಈಗಷ್ಟೇ ನೋಡಿದೆಯಲ್ಲ." ಶಿಕ್ಷೆಯಾಗಿ ಮೂವತ್ತನಾಲ್ಕೂ ವ್ಯಂಜನಗಳ ಒತ್ತುಗಳನ್ನು ಒಂದು ವಾರ ಬರೆದೆ. ಮೂಗನ್ನೂ ಅಂಟಿಸಿದೆ. ಅದು ಇವತ್ತಿಗೂ ಸ್ವಲ್ಪ ಎಡಕ್ಕೆ ವಾಲಿದೆ.

ಡೇವಿಡ್ ಕಾರ್ಸನ್ ಬಗ್ಗೆ ಅವರಿಗೆ ಹೇಳಿದ್ದೂ ನಾನೇ. ಸರ್ಫಿಂಗ್ ಮಾಡುತ್ತಿದ್ದವರು, ಸ್ಕೇಟ್‌ಬೋರ್ಡ್ ಪತ್ರಿಕೆಯ ಪುಟ ಕಟ್ಟಿ ಹೆಸರು ಮಾಡಿದವರು. 1994ರಲ್ಲಿ 'ರೇ ಗನ್' ಪತ್ರಿಕೆಯಲ್ಲಿ ಒಂದು ಸಂದರ್ಶನ ಬೋರು ಅನ್ನಿಸಿ ಅದನ್ನು ಪೂರ್ತಿ ಝಾಫ್ ಡಿಂಗ್‌ಬ್ಯಾಟ್ಸ್‌ನಲ್ಲಿ, ಅಂದರೆ ಬರೀ ಚಿಹ್ನೆಗಳಲ್ಲಿ, ಅಚ್ಚು ಹಾಕಿದರು. ನಾನು ಹೇಳಿ ಬೀಗಿದೆ. ಮೇಷ್ಟ್ರು ನಗಲೇ ಇಲ್ಲ. "ನಮ್ಮೂರ ಡಾಕ್ಟ್ರು ದಿನಾ ಚೀಟಿಯಲ್ಲಿ ಅದನ್ನೇ ಮಾಡ್ತಾರೆ" ಅಂದರು.

ಈಗ ಸಂದರ್ಶನಗಳಲ್ಲಿ ನನ್ನ ಸ್ಫೂರ್ತಿ ಯಾರು ಅಂತ ಕೇಳುತ್ತಾರೆ. ಕೇಳುವಷ್ಟು ದೊಡ್ಡವನಾಗಿದ್ದೇನೆ, ಸುಳ್ಳು ವಿನಯ ಯಾಕೆ. ಕನ್ನಡ ಅಕ್ಷರ ಬರೆದ ನನ್ನ ಬೋರ್ಡುಗಳನ್ನು ಕೆಲವರು ಕಾಲಡಿ ಹಾಕದೆ ಗೋಡೆಗೆ ನೇತುಹಾಕಿದ್ದಾರೆ. ನಾನು ಫಿಲಿಪ್ಸ್, ಕಾರ್ಸನ್ ಅಂತ ಹೇಳಿ ಬರುತ್ತೇನೆ. ಬೇರಿಂಗ್ ಗಾಡಿ ಕಥೆ ಇಂಗ್ಲಿಷಿನಲ್ಲಿ ಸರಿಯಾಗಿ ಕೂರುವುದಿಲ್ಲ.

ನನ್ನ ಹತ್ತಿರ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳು ಜಾಣರು. ಸಾಫ್ಟ್‌ವೇರ್ ನನಗಿಂತ ಚೆನ್ನಾಗಿ ಬರುತ್ತೆ. ಆದರೆ ಕನ್ನಡ ಟೈಪ್ ಮಾಡಿ ಒತ್ತು ಒಡೆದು ಅಕ್ಷರದ ಪಕ್ಕಕ್ಕೆ ಬಂದು ಕೂತರೂ ಅವರ ಕಣ್ಣಿಗೆ ಕುಟುಕುವುದಿಲ್ಲ. ಸುಮ್ನೆ ಬೈದು ಪ್ರಯೋಜನವಿಲ್ಲ. ಭಾನುವಾರ ಅವರನ್ನು ಯಾರೂ ಬಳೇಪೇಟೆಗೆ ಕರೆದುಕೊಂಡು ಹೋಗಿಲ್ಲ. ನಾನೂ ಕರೆದುಕೊಂಡು ಹೋಗಿಲ್ಲ.

ಕಾಲೇಜಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ನಮ್ಮ ಬ್ಯಾಚಿನ ಒಂಬತ್ತು ಜನ ಬಂದಿದ್ದೆವು. ವೇದಿಕೆ ಹಿಂದೆ ದೊಡ್ಡ ಫ್ಲೆಕ್ಸ್. ಮೇಷ್ಟ್ರ ಫೋಟೋ, ಕೆಳಗೆ 'ಶ್ರದ್ದಾಂಜಲಿ'. ಒಂಬತ್ತೂ ಜನ ಒಟ್ಟಿಗೇ ನೋಡಿದೆವು, ಯಾರೂ ಮಾತಾಡಲಿಲ್ಲ. ಸಭೆಗೆ ಇನ್ನೂ ಹತ್ತು ನಿಮಿಷ ಇತ್ತು. ಅಂದು ಗಾಡಿಗೆ ಬೇರಿಂಗ್ ತಂದುಕೊಟ್ಟವನು, ಈಗ ಬ್ಯಾಂಕಿನಲ್ಲಿದ್ದಾನೆ, ಒಂದು ಸ್ಟೂಲ್ ತಂದು ಹಿಡಿದುಕೊಂಡ. ನಾನು ಚೀಲದಿಂದ ಮಾರ್ಕರ್ ತೆಗೆದು ಹತ್ತಿದೆ.

"ಹೊಟ್ಟೆ ಸೀಳು ಮಾತ್ರ ಹಾಕು. ಜಾಸ್ತಿ ಡಿಸೈನ್ ಮಾಡಬೇಡ" ಅಂದ ಕೆಳಗಿನಿಂದ.

ಒಂದೇ ಗೀಟು. ಹಾಕುವಾಗ ಕೈ ನಡುಗಿತು. ಸ್ವಲ್ಪ ಎಡಕ್ಕೆ ವಾಲಿತು.